ಕಾರಣದ ಖಾನೆ

ಆ ಅಂಗಡಿಯಲ್ಲಿ ಗುಂಡಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ದಾರ ಕೇಳಿದವರಿಗೆ ಎದುರಿನ ಅಂಗಡಿ ತೋರಿಸುತ್ತಿದ್ದರು, ಸೂಜಿ ಕೇಳಿದವರಿಗೆ ಅದರ ಪಕ್ಕದ್ದು. ಗುಂಡಿ ಕೇಳಿದವರನ್ನು ಮಾತ್ರ ಒಳಗೆ ಕರೆದು ಸ್ಟೂಲು ಹಾಕುತ್ತಿದ್ದರು. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು, ನಾಲ್ಕು ಸಾವಿರದ ಚಿಲ್ಲರೆ. ಒಳಗೆ ಏನಿದೆಯೋ ಅದರದೇ ಒಂದು ಮಾದರಿಯನ್ನು ಪ್ರತಿ ಪೆಟ್ಟಿಗೆಯ ಮುಂಬದಿಗೆ ದಾರದಿಂದ ಹೊಲಿದಿದ್ದರು. ಪೆಟ್ಟಿಗೆಗಳಿಗೆ ನಂಬರೂ ಇತ್ತು, ಆದರೆ ಅದು ಮನೆಯ ಹಿರಿಯ ಯಜಮಾನರು ಬದುಕಿದ್ದಾಗ ತಳದಲ್ಲಿ ಬರೆದಿಟ್ಟದ್ದು, ಅದನ್ನು ನೋಡಲು ಯಾರೂ ಕತ್ತು ಬಗ್ಗಿಸಿದವರಲ್ಲ. ಆ ಮನೆಯವರ ಪಾಲಿಗೆ ಹೊರಗಿನ ಮಾದರಿ ಎಂದರೆ ಒಳಗಿನ ಸರಕು. ಅದರಲ್ಲಿ ಎರಡನೇ ಮಾತಿರಲಿಲ್ಲ.

ಈ ಕಥೆ ಆ ಮನೆಯ ದೊಡ್ಡ ಸೊಸೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಅಲ್ಲಿ ಕಾಲೂರಲು ಜಾಗವಿರಲಿಲ್ಲ. ಅಡುಗೆಮನೆ ಅತ್ತೆಯದು, ಗಲ್ಲಾ ಮಾವನದು, ಗಂಡನೋ ಸರಕು ಹುಡುಕಿಕೊಂಡು ವಾರಗಟ್ಟಲೆ ಅಲೆಯುವವನು. ಒಂದು ಮಧ್ಯಾಹ್ನ ಮಾವನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದಳು. ಹೆಂಗಸೊಬ್ಬಳು ಗಂಡನ ಹಳೆಯ ಶರಟು ಹಿಡಿದುಕೊಂಡು ನಿಂತಿದ್ದಳು, ಮಾವ ಹನ್ನೆರಡು ಪೆಟ್ಟಿಗೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಸೊಸೆ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಮೂಲೆಯ ಸಾಲಿನಿಂದ ಒಂದು ಪೆಟ್ಟಿಗೆ ಎಳೆದಳು. ಅದೇ ಗುಂಡಿ, ಅದೇ ಹಾಲಿನ ಬಣ್ಣ, ಅಂಚಿನಲ್ಲಿ ಅದೇ ಸಣ್ಣ ಗೆರೆ. ಒಳಗೆ ಬರುವಾಗ ಕಣ್ಣಿಗೆ ಬಿತ್ತು ಎಂದಳಷ್ಟೆ. ಅವತ್ತಿನಿಂದ ಮಾವ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಮಾತು ಒಂದೇ, "ಅವಳನ್ನ ಕೇಳಿ."

ಇಪ್ಪತ್ತೆರಡು ವರ್ಷ ಅವಳು ಆ ಒಂದು ಮಾತಿನ ಮೇಲೆ ಬದುಕಿದಳು. ಮಾವ ಹೋದ ಮೇಲೆ ಅತ್ತೆ ಗಲ್ಲಾಕ್ಕೆ ಬಂದು ಕೂತರು, ಅವರೂ ಅದನ್ನೇ ಹೇಳಿದರು. ದರ್ಜಿಗಳು, ನಾಟಕಕ್ಕೆ ಬಟ್ಟೆ ಹೊಲಿಯುವವರು, ಮಗುವಿನ ಸ್ವೆಟರು ಹೆಣೆಯುವ ಅಜ್ಜಿಯರು, ಎಲ್ಲರಿಗೂ ಅವಳು ಗುಂಡಿ ಅಕ್ಕ. ಬಾಗಿಲಲ್ಲಿ ನಿಂತು ಅಂಗಿಯ ತೋಳು ತೋರಿಸಿದರೆ ಸಾಕು, ಮಾತು ಮುಗಿಯುವುದರೊಳಗೆ ಪೆಟ್ಟಿಗೆ ಮೇಜಿನ ಮೇಲಿರುತ್ತಿತ್ತು. ಪೆಟ್ಟಿಗೆಯ ಒಳಗೆ ಅವಳು ನೋಡುತ್ತಲೇ ಇರಲಿಲ್ಲ. ಕಣ್ಣು ಮಾದರಿಯ ಮೇಲೆ, ಬಾಯಿ ಗಿರಾಕಿಯ ಜೊತೆ, ಬೆರಳು ತಾವೇ ಎಣಿಸಿ ಪೊಟ್ಟಣ ಕಟ್ಟುತ್ತಿದ್ದವು. ಕೋಟು ಹೊಲಿಯುವ ಮುದುಕರೊಬ್ಬರಿದ್ದರು, ಎಲ್ಲರ ಬಾಯಲ್ಲೂ ಕೋಟಜ್ಜ. ನೀನು ಕೊಟ್ಟ ಮೇಲೆ ನಾನು ಬಿಚ್ಚಿ ನೋಡೋದಿಲ್ಲ ಮಗಳೇ ಎಂದು ಅವರು ಒಮ್ಮೆ ಹೇಳಿದ್ದನ್ನು ಅವಳು ಮನೆಯಲ್ಲಿ ಹತ್ತು ಸಲವಾದರೂ ಹೇಳಿರಬೇಕು.

ಆರು ವರ್ಷದ ಹಿಂದೆ ಮೈದುನನ ಮದುವೆಯಾಗಿ ಚಿಕ್ಕ ಸೊಸೆ ಬಂದಳು. ಮಾತು ಕಡಿಮೆ, ನಡೆದರೆ ಸದ್ದಿಲ್ಲ. ಮದುವೆಗೆ ಮುಂಚೆ ಯಾವುದೋ ಕಂಪನಿಯಲ್ಲಿ ಸಾಮಾನುಗಳ ಪಟ್ಟಿ, ಫೋಟೋ, ವಿವರ ಎಲ್ಲವನ್ನೂ ಕಂಪ್ಯೂಟರಿಗೆ ಹತ್ತಿಸುವ ಕೆಲಸ ಮಾಡಿದವಳು. ಮೊದಲ ಐದು ವರ್ಷ ಅವಳಿಂದ ಯಾರಿಗೂ ತೊಂದರೆಯಿರಲಿಲ್ಲ. ಮಗು ಶಾಲೆಗೆ ಹೋಗತೊಡಗಿದ ಮೇಲೆ ಒಂದು ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಅಂಗಡಿಗೆ ಬಂದು, ಅತ್ತೆಯ ಹತ್ತಿರ ಮೆತ್ತಗೆ ವಿಷಯ ಎತ್ತಿದಳು. ನಮ್ಮ ಗುಂಡಿಗಳನ್ನು ಆನ್‌ಲೈನಿನಲ್ಲಿ ಮಾರಬಹುದು, ದೂರದ ದರ್ಜಿಗಳೂ ಕೊಳ್ಳಬಹುದು, ಆದರೆ ಇಷ್ಟೊಂದು ಬಗೆಯ ಸರಕನ್ನು ಕೈಯಲ್ಲಿ ಒಂದೊಂದೇ ಪುಟ ಮಾಡಿ ಸುಧಾರಿಸಲಾಗದು, ಅದಕ್ಕೆಂದೇ ಕಂಪ್ಯೂಟರಿನ ವ್ಯವಸ್ಥೆಗಳಿವೆ, ಚಿತ್ರ ಮತ್ತು ವಿವರ ಒಂದು ಕಡೆ ತುಂಬಿದರೆ ಅಂಗಡಿಯ ಪುಟಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ, ಯಾವ ವ್ಯವಸ್ಥೆ ಎಂದು ಸರಿಯಾಗಿ ಆರಿಸುವುದೇ ದೊಡ್ಡ ಕೆಲಸ ಎಂದಳು.

ಅತ್ತೆ ಯೋಚಿಸಿ ಒಪ್ಪಿದರು. ಜಾಣೆ ಹೆಂಗಸು, ಒಪ್ಪುವಾಗಲೇ ಒಂದು ಬೇಲಿಯನ್ನೂ ಹಾಕಿದರು. ಸೊಸೆಯರಿಬ್ಬರೂ ಹೂಂ ಅಂದ ವ್ಯವಸ್ಥೆಯೇ ಆಗಬೇಕು, ಒಬ್ಬಳು ಬೇಡವೆಂದರೂ ಬೇಡ.

ದೊಡ್ಡ ಸೊಸೆಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅವತ್ತಲ್ಲ, ಮರುದಿನ. ಅವಳು ಅಂಗಡಿಗೆ ಬಂದಾಗ ಅತ್ತೆಯ ಕುರ್ಚಿ ಗಲ್ಲಾದ ಹಿಂದಿನಿಂದ ಎರಡಡಿ ಸರಿದು ಲ್ಯಾಪ್‌ಟಾಪಿನ ಪಕ್ಕಕ್ಕೆ ಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿ ಇವಳ ಕಡೆಗೆ ಒಂದು ಗೇಣೂ ಸರಿದಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾನೂ ನೋಡ್ತೀನಿ ಎಷ್ಟು ದಿನ ಅಂತ, ಎಂದು ಒಳಗೇ ಅಂದುಕೊಂಡಳು. ಆದರೆ ಅಂದುಕೊಂಡು ಸುಮ್ಮನಿರುವ ಜಾತಿಯ ಹೊಟ್ಟೆಕಿಚ್ಚಲ್ಲ ಅದು. ಅವಳನ್ನು ಅದು ಕೆಲಸಕ್ಕೆ ಹಚ್ಚಿತು. ಒಂದು ನೋಟ್‌ಬುಕ್ ತಂದು, ಈ ವ್ಯವಸ್ಥೆಗಳಿಂದ ಆಗಲಾರದು ಎಂದು ತನಗೆ ತೋರಿದ್ದನ್ನೆಲ್ಲ ಷರತ್ತು ಅಂತ ಬರೆಯತೊಡಗಿದಳು. ಶಾಲೆಯಲ್ಲಿ ಮೇಷ್ಟ್ರಿಗೂ ಅವಳಿಂದ ಇಷ್ಟು ಬರೆಸಲಾಗಿರಲಿಲ್ಲ.

ಒಂದು ಗುಂಡಿಗೆ ಅಳತೆ, ಬಣ್ಣ, ತೂತು ಇಷ್ಟೇ ಅಲ್ಲ. ಯಾವುದರಿಂದ ಮಾಡಿದ್ದು, ಎಷ್ಟು ದಪ್ಪ, ಹೊಳಪೋ ಮಂಕೋ, ಯಾವ ಕಂತಿನಲ್ಲಿ ಬಂದದ್ದು, ಎಲ್ಲ ಹಿಡಿಯಬೇಕು. ಕೋಟಿನ ಎದೆಯ ದೊಡ್ಡ ಗುಂಡಿ ತೋರಿಸಿದರೆ ತೋಳಿನ ಸಣ್ಣ ಗುಂಡಿಯನ್ನೂ ಅದೇ ಕರೆತರಬೇಕು. ದರ್ಜಿಗೆ ಒಂದು ದರ, ಬಿಡಿಯಾಗಿ ಕೊಳ್ಳುವವರಿಗೆ ಇನ್ನೊಂದು. ಹೀಗೆ ಮೂವತ್ತೊಂದು ಷರತ್ತು. ಕೊನೆಯದನ್ನು ಬರೆಯುವಾಗ ಅವಳ ಮನಸ್ಸಿನಲ್ಲಿದ್ದದ್ದು ನೇರವಾಗಿ ವಾರಗಿತ್ತಿಯ ಮುಖವೇ. ಈ ಮೌನಗೌರಿ ಒಂದು ದಿನ ಯಾರಿಗೂ ಗೊತ್ತಾಗದ ಹಾಗೆ ಎಲ್ಲ ತಿದ್ದಿ ತನ್ನದು ಮಾಡಿಕೊಂಡುಬಿಟ್ಟರೆ? ಅದಕ್ಕೆ ಬರೆದಳು, ಯಾರೇ ಆಗಲಿ ಏನನ್ನೇ ಬದಲಾಯಿಸಿದರೂ ಯಾರು, ಯಾವಾಗ, ಯಾಕೆ ಎಂದು ದಾಖಲಾಗಬೇಕು. ಕಾರಣ ಬರೆಯದೆ ಅದು ಒಪ್ಪಬಾರದು. ಬರೆದ ಕಾರಣವನ್ನು ಆಮೇಲೆ ಯಾರೂ ಅಳಿಸುವಂತಿರಬಾರದು.

ಚಿಕ್ಕವಳು ಪಟ್ಟಿಯನ್ನು ಎರಡು ಸಲ ಓದಿ, ಇದು ತುಂಬಾ ಉಪಯೋಗ ಆಗುತ್ತೆ ಅಕ್ಕ ಎಂದಳು. ಅದನ್ನು ಕೇಳಿ ಇವಳಿಗೆ ಇನ್ನಷ್ಟು ಉರಿಯಿತು. ಬೈದಿದ್ದರೆ ಒಂದು ಥರ ಸಮಾಧಾನವಾದರೂ ಇರುತ್ತಿತ್ತು.

ಮೂರು ವ್ಯವಸ್ಥೆಗಳನ್ನು ಪರೀಕ್ಷೆಗೆ ತಂದರು. ಅವುಗಳ ನಿಜವಾದ ಹೆಸರು ಅತ್ತೆಯ ನಾಲಿಗೆಗೆ ಹೊರಳಲಿಲ್ಲವಾಗಿ, ಅವರೇ ಒಂದಕ್ಕೆ ಚೆಲುವ, ಇನ್ನೊಂದಕ್ಕೆ ಮಾತುಗಾರ, ಮೂರನೆಯದಕ್ಕೆ ಗುಮಾಸ್ತ ಎಂದು ಹೆಸರಿಟ್ಟರು. ಪರೀಕ್ಷೆಗೆ ನಲವತ್ತು ಪೆಟ್ಟಿಗೆ ಆರಿಸಿಕೊಡುವ ಕೆಲಸ ದೊಡ್ಡವಳದು, ಮಾದರಿಯ ಫೋಟೋ ತೆಗೆದು ತಳದ ನಂಬರಿನ ಜೊತೆ ತುಂಬುವುದು ಚಿಕ್ಕವಳದು. ಅವಳು ಬೇಕೆಂದೇ ಇಡೀ ಅಂಗಡಿಯಲ್ಲಿ ಅತಿ ತೊಡಕಿನವನ್ನು ಇಳಿಸಿಕೊಟ್ಟಳು: ಕಪ್ಪಿನ ಪಕ್ಕದಲ್ಲಿಟ್ಟರೆ ಮಾತ್ರ ನೀಲಿ ಅನ್ನಿಸುವ ನೀಲಿ, ಎರಡು ಕಂತಿನಲ್ಲಿ ಎರಡು ಬಣ್ಣವಾಗಿ ಬಂದ ಕೊಂಬಿನ ಗುಂಡಿ, ದಂತದ ಬಿಳುಪಿಗೂ ಮೂಳೆಯ ಬಿಳುಪಿಗೂ ನಡುವೆ ಎಲ್ಲೋ ನಿಂತ ಬಿಳಿ.

ಚೆಲುವ ನೋಡಲು ಚೆಂದ, ಪುಟ ತೆರೆದರೆ ಕಣ್ಣಿಗೆ ಹಬ್ಬ. ಆದರೆ ಒಂದು ಸರಕಿಗೆ ಮೂರು ಗುಣಕ್ಕಿಂತ ಹೆಚ್ಚು ಕೊಟ್ಟರೆ ಕೈಯೆತ್ತಿಬಿಟ್ಟ. ಅವನು ಬಿದ್ದ ದಿನ ದೊಡ್ಡವಳು ಮನೆಯವರಿಗೆಲ್ಲ ತಾನೇ ಚಹಾ ಮಾಡಿ ಕೊಟ್ಟಳು. ಮಾತುಗಾರನಲ್ಲಿ ಲೇಖನ ಬರೆಯುವುದಕ್ಕೆ, ಕಥೆ ಹೇಳುವುದಕ್ಕೆ ಎಲ್ಲ ಅನುಕೂಲ; ವ್ಯಾಪಾರ ಮಾತ್ರ ಮೇಲಿಂದ ತೇಪೆ ಹಾಕಿದ್ದು. ದರ್ಜಿಗೆ ದರ್ಜಿಯ ದರ ತೋರಿಸು ಎಂದರೆ ಎಲ್ಲರಿಗೂ ಅದನ್ನೇ ತೋರಿಸಿದ. ಅವನೂ ಬಿದ್ದ, ಮತ್ತೆ ಚಹಾ ಬಂತು. ಗುಮಾಸ್ತ ನೋಡಲು ಬೋಳು ಬೋಳು, ಬರೀ ಖಾನೆಗಳು. ಆದರೆ ಕೇಳಿದ್ದಕ್ಕೆಲ್ಲ ಇದೆ ಎಂದ. ಏಳು ಗುಣವೂ ಇತ್ತು, ಎದೆಯ ಗುಂಡಿಯ ಜೊತೆ ತೋಳಿನ ಗುಂಡಿಯೂ ಬಂತು, ಕಾರಣ ಬರೆಯದೆ ಉಳಿಸಲು ಹೋದರೆ ಕೆಂಪು ಗೆರೆ ಎಳೆದು ಅಡ್ಡ ನಿಂತ. ಅವತ್ತು ಯಾರಿಗೂ ಚಹಾ ಸಿಗಲಿಲ್ಲ.

ಅಷ್ಟಾದರೂ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಗುರುವಾರ ಕೋಟಜ್ಜ ಬಂದರು. ಇವಳು ಏಣಿಯ ಮೇಲಿದ್ದಳು. ಅಜ್ಜ ಕೈಯಲ್ಲಿದ್ದ ಒಂಟಿ ಗುಂಡಿಯನ್ನು, ಹತ್ತಿರದಲ್ಲಿದ್ದಾಳೆಂದು, ಚಿಕ್ಕವಳಿಗೆ ತೋರಿಸಿದರು. ಚಿಕ್ಕವಳು ಗುಮಾಸ್ತನಲ್ಲಿ ಹುಡುಕಿದಳು. ಅದು ಆ ನಲವತ್ತರಲ್ಲೇ ಒಂದಾಗಿತ್ತು. ದೊಡ್ಡವಳು ಏಣಿಯಿಂದ ಒಂದು ಕಾಲು ಕೆಳಗಿಡುವಷ್ಟರಲ್ಲಿ ಪೆಟ್ಟಿಗೆ ಮೇಜಿಗೆ ಬಂದಿತ್ತು.

"ಇಳೀಬೇಡ ಮಗಳೇ, ಸಿಕ್ತು," ಎಂದರು ಕೋಟಜ್ಜ.

ಅವರು ಕಾಳಜಿಯಿಂದಲೇ ಹೇಳಿದ್ದು. ಏಣಿ ಹಳೆಯದು, ಅವಳ ಮೊಣಕಾಲು ನೋವು ಅವರಿಗೆ ಗೊತ್ತಿತ್ತು. ಅವಳು ಒಂದು ಕಾಲು ಕೆಳಗೆ ಒಂದು ಕಾಲು ಮೇಲೆ ಹಾಗೇ ನಿಂತಳು. ಅಜ್ಜನ ಎದುರು ಚಿಕ್ಕವಳ ಮುಖ ಎಷ್ಟು ಅರಳಿತ್ತೆಂದರೆ, ಆ ಮುಖವನ್ನು ಆರು ವರ್ಷದಲ್ಲಿ ಇವಳು ನೋಡಿರಲೇ ಇಲ್ಲ. ಅವತ್ತು ಮನೆಗೆ ಹೋದ ಮೇಲೆ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿದಳು. ಗಂಡ ಏನಾಯಿತೆಂದು ಕೇಳಿದ್ದಕ್ಕೆ ಏಣಿ ಬದಲಾಯಿಸಬೇಕು ಎಂದಳು.

ಶುಕ್ರವಾರ ಮಧ್ಯಾಹ್ನ, ಅಂಗಡಿ ಅರ್ಧ ಬಾಗಿಲು ಹಾಕಿ ಎಲ್ಲರೂ ಊಟಕ್ಕೆ ಹೋದಾಗ, ಅವಳು ಹಸಿವಿಲ್ಲವೆಂದು ಉಳಿದುಕೊಂಡಳು. ಕತ್ತರಿ, ಸೂಜಿ, ದಾರ ತೆಗೆದುಕೊಂಡು ಆ ನಲವತ್ತರಲ್ಲಿ ಏಳು ಜೋಡಿ ಆರಿಸಿದಳು, ಒಂದನ್ನೊಂದು ಹೋಲುವಂಥ ಜೋಡಿಗಳನ್ನೇ. ಮಾದರಿಗಳನ್ನು ಬಿಡಿಸಿ ಅದರದ್ದನ್ನು ಇದಕ್ಕೆ, ಇದರದ್ದನ್ನು ಅದಕ್ಕೆ ಹೊಲಿದಳು. ಸೋಮವಾರ ಅತ್ತೆಯ ಮುಂದೆ ಕೊನೆಯ ಪರೀಕ್ಷೆ ಇತ್ತು. ಗುಮಾಸ್ತ ಪರದೆಯ ಮೇಲೆ ಒಂದು ತೋರಿಸುತ್ತಾನೆ, ಪೆಟ್ಟಿಗೆಯ ಮೇಲೆ ಇನ್ನೊಂದಿರುತ್ತದೆ, ಅತ್ತೆ ಮೂಗು ಮುರಿಯುತ್ತಾರೆ, ಮುಗಿಯಿತು. ಹದಿನಾಲ್ಕು ಪೆಟ್ಟಿಗೆ ಮುಗಿಸುವಷ್ಟರಲ್ಲಿ ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. ಹೊಲಿಗೆ ಮಾತ್ರ ಒಂದಕ್ಕಿಂತ ಒಂದು ಅಚ್ಚುಕಟ್ಟಾಗಿತ್ತು. ಕೆಟ್ಟ ಕೆಲಸವನ್ನೂ ಅವಳು ಕೆಟ್ಟದಾಗಿ ಮಾಡಲಾರಳು, ಅದು ಅವಳ ಹಣೆಬರಹ.

ಶನಿವಾರ ಸಂಜೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಕೋಟಜ್ಜ ಮತ್ತೆ ಬಂದರು. ಈ ಸಲ ಚಿಕ್ಕವಳು ಇರಲಿಲ್ಲ, ಇವಳನ್ನೇ ಕೇಳಿದರು. ಗಾಢ ನೀಲಿ ಕೋಟಿಗೆ ಗಾಢ ನೀಲಿ ಗುಂಡಿ, ನಾಲ್ಕು ತೂತಿನದು, ಏಳು. ಅಜ್ಜ ತನ್ನನ್ನು ಕೇಳಿದರೆಂಬ ಸಂತೋಷದಲ್ಲೇ ಅವಳು ನೀಲಿ ಮಾದರಿಯಿದ್ದ ಪೆಟ್ಟಿಗೆ ಎಳೆದಳು, ಎಣಿಸಿದಳು, ಕಟ್ಟಿಕೊಟ್ಟಳು. ಹಿಂದಿನ ದಿನ ತಾನೇ ಕೈಯಾರೆ ಮಾಡಿದ್ದು ಅವಳ ತಲೆಯಲ್ಲಿತ್ತು, ಆದರೆ ಬೆರಳುಗಳಿಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಮಾದರಿಯನ್ನು ನಂಬಿದ ಬೆರಳುಗಳು ಅವತ್ತೂ ನಂಬಿದವು.

ಸೋಮವಾರ ಬೆಳಿಗ್ಗೆ ಅತ್ತೆ ಕುರ್ಚಿಯಲ್ಲಿ ಕೂತು, ಹೂಂ ತೋರಿಸು ನಿನ್ನ ಗುಮಾಸ್ತನ್ನ ಎನ್ನುವ ಹೊತ್ತಿಗೆ ಸರಿಯಾಗಿ ಕೋಟಜ್ಜ ಬಂದರು. ತೋಳಿನ ಮೇಲೆ ನೀಲಿ ಕೋಟು. ಅವರು ಯಾರನ್ನೂ ದೂರಲಿಲ್ಲ, ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದರು ಅಷ್ಟೆ. ಏಳು ಗುಂಡಿಯೂ ಕಪ್ಪು. ಕೋಟು ತೊಟ್ಟವನು ಬಿಸಿಲಿಗೆ ನಿಂತು ಕನ್ನಡಿ ನೋಡಿಕೊಂಡನಂತೆ. ನನ್ನ ಕಣ್ಣು ಮಂಜಾಯಿತು ಮಗಳೇ, ನಾನೇ ಎಲ್ಲೋ ಅದಲುಬದಲು ಮಾಡಿದೆನೋ ಏನೋ ಎಂದರು ಅಜ್ಜ.

ಅತ್ತೆ ಕೋಟನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ಚಿಕ್ಕವಳ ಕಡೆ ತಿರುಗಿ, ನಿನ್ನದರಲ್ಲಿ ನೋಡು, ನೀಲಿ ಎಲ್ಲಿದೆ ಅನ್ನುತ್ತೆ ಎಂದರು. ಗುಮಾಸ್ತ ತೋರಿಸಿದ್ದು ಅದೇ ಪೆಟ್ಟಿಗೆಯನ್ನು. ತಂದು ಕಿಟಕಿಯ ಬಳಿ ಸುರಿದರು. ಕಪ್ಪು.

ದೊಡ್ಡವಳಿಗೆ ದಿಕ್ಕು ತೋಚದಂತಾಯಿತು. ಗುಮಾಸ್ತನಲ್ಲಿ ಹಾಕಿದ್ದು ಹಳೆಯ ಫೋಟೋ, ಅದು ಸರಿಯಾದ ಪೆಟ್ಟಿಗೆಯನ್ನೇ ತೋರಿಸಬೇಕಿತ್ತಲ್ಲ. ಅತ್ತೆ ಲ್ಯಾಪ್‌ಟಾಪಿನಿಂದ ಕುರ್ಚಿ ಹಿಂದಕ್ಕೆ ಸರಿಸಿದರು. ಮನುಷ್ಯರೂ ತಪ್ಪು, ಯಂತ್ರವೂ ತಪ್ಪು ಅಂದ ಮೇಲೆ ಯಂತ್ರ ಯಾಕೆ ಬೇಕು, ಇದನ್ನ ಇಲ್ಲಿಗೆ ಬಿಡೋಣ ಎಂದರು.

ಕುರ್ಚಿ ಸರಿದ ಸದ್ದು ದೊಡ್ಡವಳಿಗೆ ಕೇಳಿಸಿತು. ಮೂರು ತಿಂಗಳಿಂದ ಅವಳು ಕಾಯುತ್ತಿದ್ದದ್ದು ಅದೊಂದೇ ಸದ್ದಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅಂಗಡಿ ಮೊದಲಿನಂತೆಯೇ ಅವಳದು.

"ಅತ್ತೆ, ಒಂದ್ನಿಮಿಷ. ಯಾವಾಗ ಬದಲಾಗಿದೆ ಅಂತ ಇದರಲ್ಲೇ ಇರುತ್ತೆ," ಎಂದಳು ಚಿಕ್ಕವಳು. ಪರದೆಯ ಮೇಲೆ ಒಂದು ಪಟ್ಟಿ ಬಿಚ್ಚಿಕೊಂಡಿತು. ಶುಕ್ರವಾರ, ಮಧ್ಯಾಹ್ನ ಮೂರೂಕಾಲು, ಹದಿನಾಲ್ಕು ಫೋಟೋ ಬದಲಾವಣೆ, ಬದಲಾಯಿಸಿದವರು ಚಿಕ್ಕ ಸೊಸೆ. ಅವಳೇ ವಿವರಿಸಿದಳು. ಶುಕ್ರವಾರ ಊಟ ಮುಗಿಸಿ ಬಂದ ಮೇಲೆ ಕಿಟಕಿಯ ಬೆಳಕು ಚೆನ್ನಾಗಿತ್ತೆಂದು ನಲವತ್ತನ್ನೂ ಮತ್ತೊಮ್ಮೆ ಫೋಟೋ ತೆಗೆದು ಹಳೆಯವುಗಳ ಜೊತೆ ಹೋಲಿಸಿ ನೋಡಿದ್ದಳು. ಹದಿನಾಲ್ಕು ಪೆಟ್ಟಿಗೆಗಳ ಮಾದರಿ ಬೇರೆಯಾಗಿದ್ದದ್ದು ಕಂಡಿತು. ಅದಕ್ಕೆ ಸರಿಯಾಗಿ ಆ ಹದಿನಾಲ್ಕರ ಫೋಟೋ, ವಿವರ ಎರಡನ್ನೂ ಗುಮಾಸ್ತನಲ್ಲಿ ಬದಲಾಯಿಸಿದಳು. "ತಪ್ಪು ನಂದೇ. ಒಳಗೆ ಒಂದ್ಸಲ ನೋಡಬೇಕಿತ್ತು," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ದೊಡ್ಡವಳ ಕೈ ತಾನಾಗಿ ಸೂಜಿ ಚುಚ್ಚಿದ ಬೆರಳನ್ನು ಮುಚ್ಚಿಕೊಂಡಿತು. ಕಣ್ಣು ಮಾತ್ರ ಪರದೆಯ ಮೇಲೇ ಇತ್ತು. ಪಟ್ಟಿಯ ಕೊನೆಗೆ ಒಂದು ಖಾನೆ, ಅವಳೇ ಹಟ ಮಾಡಿ ಹಾಕಿಸಿದ್ದು. ಕಾರಣ. ಅದರಲ್ಲಿ ಹದಿನಾಲ್ಕು ಸಲವೂ ಒಂದೇ ಮಾತು ಬರೆದಿತ್ತು: ಅಕ್ಕ ಬದಲಾಯಿಸಿದ್ದಾರೆ. ಅಕ್ಕ ಮಾಡಿದ ಮೇಲೆ ಸರಿಯೇ ಇರುತ್ತದೆ.

ಅವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಯಾರೋ ತನ್ನ ಬೆನ್ನ ಹಿಂದೆ ತನ್ನನ್ನು ಹೊಗಳಿದ್ದನ್ನು ಕದ್ದು ಕೇಳಿದಂತೆ ಕಿವಿ ಬಿಸಿಯಾಯಿತು. ಆ ಮೌನಗೌರಿ ಒಬ್ಬಳೇ ಕೂತು, ಯಾರನ್ನೂ ಮೆಚ್ಚಿಸಬೇಕಿಲ್ಲದ ಹೊತ್ತಿನಲ್ಲಿ, ಇದನ್ನು ಬರೆದಿದ್ದಳು.

"ಅವಳ ತಪ್ಪಲ್ಲ," ಎಂದಳು ದೊಡ್ಡವಳು. "ಮಾದರಿ ಅದಲುಬದಲು ಹೊಲಿದದ್ದು ನಾನು. ಬೇಕಂತಲೇ."

ಕೋಟಜ್ಜ ಕೋಟನ್ನು ಮಡಿಸಿ ಮತ್ತೆ ಬಿಚ್ಚಿದರು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ, ನಿಮ್ಮ ಮಾವ ಇದ್ದಿದ್ದರೆ ಏನನ್ನುತ್ತಿದ್ದರೋ ನನಗೆ ಗೊತ್ತಿಲ್ಲ, ಮೊದಲು ಅಜ್ಜನ ಗುಂಡಿ ಕೊಡು ಎಂದರು. ಅವಳು ಈ ಸಲ ಪೆಟ್ಟಿಗೆಯ ಒಳಗೆ ನೋಡಿ, ಕಿಟಕಿಗೆ ಹಿಡಿದು ನೋಡಿ, ಏಳು ಎಣಿಸಿದಳು. ಅಜ್ಜ ಪೊಟ್ಟಣವನ್ನು ಬಿಚ್ಚಿ ನೋಡಿ ಜೇಬಿಗೆ ಹಾಕಿಕೊಂಡರು. ಅವರು ಬಿಚ್ಚಿ ನೋಡಿದ್ದನ್ನು ಅವಳು ನೋಡಿದಳು. ಯಾರೂ ಬೈಯಲಿಲ್ಲ, ಅಜ್ಜ ಹಾಗೆ ಬಿಚ್ಚಿ ನೋಡಿದ್ದೊಂದೇ ಅವಳಿಗೆ ಸಿಕ್ಕ ಶಿಕ್ಷೆ.

ಅಜ್ಜ ಹೋದ ಮೇಲೆ ಅತ್ತೆ ಕೇಳಿದರು, ಈ ಗುಮಾಸ್ತ ಬೇಕೋ ಬೇಡವೋ, ಇಬ್ಬರೂ ಹೇಳಿ.

"ನನ್ನನ್ನ ಹಿಡಿದದ್ದು ಅದೊಂದೇ. ಇರಲಿ," ಎಂದಳು ದೊಡ್ಡವಳು. ಚಿಕ್ಕವಳು ತಲೆಯಾಡಿಸಿದಳು.

ಮಧ್ಯಾಹ್ನ ಇಬ್ಬರೂ ಊಟಕ್ಕೆ ಹೋಗಲಿಲ್ಲ. ದೊಡ್ಡವಳು ನೆಲದ ಮೇಲೆ ಹದಿನಾಲ್ಕು ಪೆಟ್ಟಿಗೆ ಹರಡಿಕೊಂಡು ಮಾದರಿ ಬಿಡಿಸಿ ಅದರದ್ದನ್ನು ಅದಕ್ಕೇ ಹೊಲಿಯುತ್ತಿದ್ದಳು. ಚಿಕ್ಕವಳು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಫೋಟೋ ಸರಿಪಡಿಸುತ್ತಿದ್ದಳು. ಸುಮಾರು ಹೊತ್ತಿನ ಮೇಲೆ, ತಲೆ ಎತ್ತದೆಯೇ ಚಿಕ್ಕವಳು ಹೇಳಿದಳು, "ಗುರುವಾರ ಕೋಟಜ್ಜ ನನ್ನನ್ನ ಕೇಳಿದ್ರಲ್ಲ. ಈ ಮನೆಗೆ ಬಂದು ಆರು ವರ್ಷಕ್ಕೆ ಅದೇ ಮೊದಲು, ಯಾರಾದ್ರೂ ನನ್ನನ್ನ ಏನಾದ್ರೂ ಕೇಳಿದ್ದು. ಎಲ್ಲದಕ್ಕೂ ಅಕ್ಕನ್ನ ಕೇಳು, ಅಕ್ಕನ್ನ ಕೇಳು. ನಿಮ್ಮನ್ನ ಕಂಡ್ರೆ ನಂಗೆ ಎಷ್ಟು ಉರೀತಿತ್ತು ಗೊತ್ತಾ."

ಸೂಜಿ ಅರ್ಧ ಎಳೆದಲ್ಲೇ ನಿಂತಿತು. ದೊಡ್ಡವಳಿಗೆ ಆ ಮಾತಿನ ಮೇಲೂ ಚೂರು ಹೊಟ್ಟೆಕಿಚ್ಚಾಯಿತು. ತಾನು ಮೂರು ತಿಂಗಳು ಹೊತ್ತುಕೊಂಡು ತಿರುಗಿದ್ದನ್ನು ಇವಳು ಆರು ವರ್ಷ ಹೊತ್ತಿದ್ದಾಳೆ, ಒಂದು ಪೆಟ್ಟಿಗೆಯನ್ನೂ ಮುಟ್ಟದೆ. ದಾರ ಕಚ್ಚಿ ತುಂಡು ಮಾಡಿ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದಳು.

ಚಿಕ್ಕವಳು ಫೋಟೋ ತೆಗೆದು ಹಾಕಿದಳು. ಉಳಿಸಲು ಹೋದಾಗ ಗುಮಾಸ್ತ ಕೆಂಪು ಗೆರೆ ಎಳೆದು ನಿಂತ.

"ಕಾರಣ ಕೇಳ್ತಿದೆ ಅಕ್ಕ. ಮತ್ತೆ ಯಾಕೆ ಬದಲಾಯಿಸ್ಬೇಕಾಯ್ತು ಅಂತ. ಹೊಲಿಗೆ ತಪ್ಪಿತ್ತು ಅಂತ ಹಾಕಿಬಿಡ್ಲಾ?"

"ನನ್ನ ಹೊಲಿಗೆ ಯಾವತ್ತೂ ತಪ್ಪಿಲ್ಲ. ಹೊಟ್ಟೆಕಿಚ್ಚು ಅಂತ ಬರಿ."

ಚಿಕ್ಕವಳ ಬೆರಳು ಕೀಬೋರ್ಡಿನ ಮೇಲೆಯೇ ನಿಂತವು. "ಬೇಡ ಅಕ್ಕ. ಒಂದ್ಸಲ ಬರೆದ್ರೆ ಆಮೇಲೆ ಅಳಿಸೋಕೆ ಬರಲ್ಲ."

"ಗೊತ್ತು. ಆ ಷರತ್ತು ಹಾಕಿದ್ದೇ ನಾನು," ಎಂದು ದೊಡ್ಡವಳು ಎರಡನೇ ಪೆಟ್ಟಿಗೆಗೆ ಕೈ ಹಾಕಿದಳು. "ಬರಿ. ಇನ್ನೂ ಹದಿಮೂರಿದೆ."